ಮೇಜ್‌ಬಾನ್

ನಾವು ಹೈದರಾಬಾದಿಗೆ ಬಂದದ್ದು 2003ರಲ್ಲಿ. ಮನೆ ಸಿಕ್ಕಿದ್ದು ಮಾಸಾಬ್ ಟ್ಯಾಂಕಿನ ಹತ್ತಿರ, ಎ.ಸಿ. ಗಾರ್ಡ್ಸ್ ಎನ್ನುವ ಕಡೆ. ಹೊಸ ವಿಳಾಸ ಹೇಳಿದಾಗ ಯಲ್ಲಾಪುರದಿಂದ ಅಮ್ಮ ಫೋನಿನಲ್ಲಿ ಕೇಳಿದ್ದು, "ಅದೆಂತ ಹೆಸರೇ ಕೂಸೇ, ಬೀದಿಗೆಲ್ಲ ಏಸಿ ಹಾಕಿದ್ವನೇ?" ಅಂತ. ನಗಬೇಡಿ. ಈ ಊರಿನಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನರಿಗೂ ಆ ಎರಡು ಅಕ್ಷರ ಏನೆಂದು ಗೊತ್ತಿಲ್ಲ. ಆಟೋದವನಿಗೆ ಅದು ಒಂದು ಸ್ಟಾಪು, ಅಷ್ಟೇ.

ಎ.ಸಿ. ಎಂದರೆ ಆಫ್ರಿಕನ್ ಕ್ಯಾವಲ್ರಿ. ನಿಜಾಮರ ಕುದುರೆ ಪಡೆಯಲ್ಲಿ ಆಫ್ರಿಕಾ ಮೂಲದ ಸೈನಿಕರಿದ್ದರು. ಮೊದಲು ವನಪರ್ತಿ ಸಂಸ್ಥಾನದ ರಾಜರ ಬಳಿ ಇದ್ದ ಅಂಗರಕ್ಷಕ ಪಡೆ, ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮರ ಸೇನೆಗೆ ಬಂತು. ಅವರ ಬಿಡಾರಗಳಿದ್ದ ಜಾಗವೇ ಇದು. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಹೋಯಿತು, 1951ರಲ್ಲಿ ಪಡೆಯನ್ನೂ ವಿಸರ್ಜಿಸಿದರು. ಕುದುರೆ ಹೋಯಿತು, ಸಮವಸ್ತ್ರ ಹೋಯಿತು, ಹೆಸರು ಮಾತ್ರ ಬೋರ್ಡಿನ ಮೇಲೆ ಉಳಿಯಿತು. ಊರಿನ ಬೇರೆ ಕಡೆಗಳಲ್ಲೂ ಇಂಥ ಹೆಸರುಗಳಿವೆ. ಬೇಗಂ ಬಜಾರಿನ ಮಗ್ಗುಲಿಗೇ ಸಿದ್ದಿಅಂಬರ್ ಬಜಾರಿದೆ. ತಾರ್ನಾಕದಿಂದ ಮುಂದೆ ಹಬ್ಸಿಗೂಡ ಸಿಗುತ್ತದೆ, ಅದು ಹಬ್ಷಿಗಳ ಗೂಡವೇ ಎಂದು ಹಳಬರು ಹೇಳುತ್ತಾರೆ.

ನನಗೆ ಆಶ್ಚರ್ಯವಾದದ್ದು ಚರಿತ್ರೆಯಿಂದಲ್ಲ. ಸಾಮಾನು ಇಳಿಸಿದ ಮರುದಿನ ಬೆಳಿಗ್ಗೆ ಹಾಲಿಗೆ ಹೋದವಳಿಗೆ ಎದುರಾದ ಮುಖಗಳು ನಮ್ಮೂರಿನವು! ಗುಂಗುರು ಕೂದಲು, ದಪ್ಪ ತುಟಿ, ಕರಿ ಮೈಬಣ್ಣ, ಅದೇ ನಗು. ನಮ್ಮ ಅಡಿಕೆ ತೋಟಕ್ಕೆ ಕೊನೆ ಕೊಯ್ಯಲು ಬರುತ್ತಿದ್ದ ಸಿದ್ದಿಯರ ಮನೆಯವರೇ ಇಲ್ಲಿಗೆ ಬಂದು ಸೇರಿಕೊಂಡಿದ್ದಾರೇನೋ ಅನಿಸಿತು. ಪರಊರಿಗೆ ಬಂದವಳಿಗೆ ತಮ್ಮ ಕಡೆಯವರು ಸಿಕ್ಕಿದರು ಅಂತ ಎಷ್ಟು ಖುಷಿ. ಬಾಯಿ ತೆರೆದರೆ ಮಾತ್ರ ಅಚ್ಚ ದಖನಿ, "ಹೌ", "ನಕ್ಕೋ". ನಮ್ಮ ಕಡೆ ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರೂ ಇದ್ದಾರೆ. ಕೊಂಕಣಿ ಬೆರೆತ ಮಾತು ಮನೆಯಲ್ಲಿ, ಕನ್ನಡ ಹೊರಗೆ. ಇಲ್ಲಿಯವರು ಮುಸ್ಲಿಮರು. ದಾರಿಯೂ ಬೇರೆ. ನಮ್ಮವರಲ್ಲಿ ಹೆಚ್ಚಿನವರ ಹಿರಿಯರು ಗೋವಾದ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಹೊಕ್ಕವರು, ಇವರ ಹಿರಿಯರು ಅರಮನೆಯ ಬಾಗಿಲು ಕಾದವರು.

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬರು ಹಿರಿಯರಿದ್ದರು. ಬೀದಿಗೆಲ್ಲ ಚಾಚಾ, ನಮಗೂ ಚಾಚಾ. ಅವರ ಅಜ್ಜ ಆ ಪಡೆಯಲ್ಲಿ ಸವಾರ. ಇವರು ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಹರೆಯದಲ್ಲಿ ಮರ್ಫಾ ಬಾರಿಸುತ್ತಿದ್ದವರು. ಮರ್ಫಾ ಗೊತ್ತಿಲ್ಲದವರಿಗೆ ಹೇಳಬೇಕು. ಹೈದರಾಬಾದಿನಲ್ಲಿ ಮದುವೆ ಮೆರವಣಿಗೆ ಹೊರಟರೆ ಮುಂದೆ ಚರ್ಮದ ವಾದ್ಯ, ಲೋಹದ ಕೊಡ, ಅದರ ಮೇಲೆ ಕಟ್ಟಿಗೆ ಕೋಲಿನ ಪೆಟ್ಟು. ಯೆಮನ್ನಿನಿಂದ ಬಂದ ಅರಬರೂ ಸಿದ್ದಿಯರೂ ತಂದು ಬೆಳೆಸಿದ ವಾದ್ಯ. ಹಿಂದೂ ಮದುವೆಗೂ ಬೇಕು, ಮುಸ್ಲಿಂ ಮದುವೆಗೂ ಬೇಕು. ಈ ಊರಿನಲ್ಲಿ ಕುಣಿತಕ್ಕೆ ಇನ್ನೊಂದು ಹೆಸರೇ ಆಗಿರುವ ‘ತೀನ್ ಮಾರ್’ ಮರ್ಫಾದಲ್ಲಿ ಬಾರಿಸುವ ಮೂರು ಪೆಟ್ಟಿನ ಗತ್ತು. ಮೊದಲ ಸಲ ಕೇಳಿದಾಗ ನನ್ನ ಕಾಲು ತಾನಾಗಿ ತಾಳ ಹಾಕಿತು. ನಮ್ಮ ಕಡೆಯ ಸಿದ್ದಿಯರ ಡಮಾಮಿಯ ಸದ್ದು ಕೇಳಿ ಬೆಳೆದವಳು ನಾನು.

ಚಾಚಾನ ಮನೆಯಲ್ಲಿ ಒಂದು ಹಳೆಯ ಕ್ಯಾಸೆಟ್ ಇತ್ತು. ಆಬಿಡ್ಸ್‌ನ ರಸ್ತೆ ಬದಿಯಲ್ಲಿ ಭಾನುವಾರ ಹಳೆ ಪುಸ್ತಕ ಮಾರುತ್ತಾರಲ್ಲ, ಅಲ್ಲಿ ಕೊಂಡದ್ದಂತೆ. ನ್ಯಾಟ್ ಕಿಂಗ್ ಕೋಲ್. ಚಾಚಾನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಕೊಂಡದ್ದು ಯಾಕೆಂದರೆ ಹೊದಿಕೆಯ ಮೇಲಿನ ಚಿತ್ರ ತಮ್ಮ ತೀರಿಹೋದ ಅಣ್ಣನ ಹಾಗೇ ಇತ್ತು! ಆಮೇಲೆ ಆ ದನಿಗೆ ಸೋತರು. ಮಧ್ಯಾಹ್ನ ಊಟವಾದ ಮೇಲೆ ಕೆಳಗಿನಿಂದ ಆ ತುಪ್ಪದಂಥ ದನಿ ಮೇಲೆ ಬರುತ್ತಿತ್ತು. ನನ್ನ ಮಗಳು ತೊಟ್ಟಿಲಲ್ಲಿ ನಿದ್ದೆ ಹೋಗುತ್ತಿದ್ದದ್ದು ಅದಕ್ಕೇ, ನಾನು ಹಾಡುತ್ತಿದ್ದ ಜೋಗುಳಕ್ಕಲ್ಲ.

ತೊಟ್ಟಿಲಲ್ಲಿದ್ದ ಆ ಮಗಳೇ 2017ರ ಸುಮಾರಿಗೆ ಕಂಪ್ಯೂಟರಿನಲ್ಲಿ ಹುಡುಕಿ ತೋರಿಸಿದಳು, ಈ ಮನುಷ್ಯನದು ಒಂದು ಟಿವಿ ಷೋ ಕೂಡ ಇತ್ತು ಅಂತ. ಕಪ್ಪು ಬಿಳುಪು ಚಿತ್ರ. ಚಂದದ ಸೂಟು ಹಾಕಿದ ಕೋಲ್ ಹಾಡುತ್ತಾನೆ, ಪಿಯಾನೋ ಮುಂದೆ ಕೂರುತ್ತಾನೆ, ಏಳುತ್ತಾನೆ, ಇನ್ನೊಬ್ಬರನ್ನು ಕರೆಯುತ್ತಾನೆ, ಮಾತಾಡಿಸುತ್ತಾನೆ, ಕಳಿಸಿಕೊಡುತ್ತಾನೆ. ಚಾಚಾನನ್ನು ಮೇಲೆ ಕರೆದು ತೋರಿಸಿದೆವು. ಕನ್ನಡಕ ಒರೆಸಿಕೊಂಡು ಕೂತರು. ಸ್ವಲ್ಪ ಹೊತ್ತು ನೋಡಿ ಅವರು ಕೇಳಿದ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. "ಬೇಟಿ, ಯೇ ಮೆಹಮಾನ್ ಹೈ ಕೀ ಮೇಜ್‌ಬಾನ್?"

ಮೆಹಮಾನ್ ಎಂದರೆ ಅತಿಥಿ. ಮೇಜ್‌ಬಾನ್ ಎಂದರೆ ಕರೆದವನು, ಆತಿಥ್ಯ ಕೊಡುವವನು, ಮನೆಯ ಯಜಮಾನ. ಕನ್ನಡದಲ್ಲಿ ನಾವು ನಿರೂಪಕ ಅನ್ನುತ್ತೇವೆ, ಆ್ಯಂಕರ್ ಅನ್ನುತ್ತೇವೆ. ಆ ಶಬ್ದಗಳಲ್ಲಿ ಈ ಮನೆ ವಾಸನೆ ಇಲ್ಲ ನೋಡಿ. "ಮೇಜ್‌ಬಾನ್ ಚಾಚಾ, ಅವನದೇ ಷೋ" ಅಂದೆ. ಅವರು ನಂಬಲಿಲ್ಲ. "ಆ ಗೋರಿ ಹೆಣ್ಣುಮಗಳನ್ನು ಇವನೇ ಕರೆದನಾ? ಇವನ ಮನೆಗೆ ಅವಳು ಬಂದದ್ದಾ?" ಅಂತ ಮತ್ತೆ ಮತ್ತೆ ಕೇಳಿದರು. ಐವತ್ತು ವರ್ಷ ಪರರ ಮದುವೆಯ ಮುಂದೆ ಬಾರಿಸಿದ ಮನುಷ್ಯ. ಮೆರವಣಿಗೆ ಛತ್ರದ ಬಾಗಿಲಿಗೆ ಮುಟ್ಟಿದ ಕೂಡಲೆ ಬಾರಿಸುವವರ ಕೆಲಸ ಮುಗಿಯಿತು. ಒಳಗೆ ಹೋದವರು ಮೆಹಮಾನ್, ಬಾಗಿಲಲ್ಲಿ ಅತ್ತರು ಹಚ್ಚುವವನು ಮೇಜ್‌ಬಾನ್. ಮರ್ಫಾದವರು ಎರಡೂ ಅಲ್ಲ.

ಆಮೇಲೆ ನಾನು ಆ ಷೋ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಕೋಲ್ ಹುಟ್ಟಿದ್ದು 1919ರಲ್ಲಿ, ಅಲಬಾಮಾದ ಮಾಂಟ್‌ಗೊಮರಿಯಲ್ಲಿ. ತಂದೆ ಚರ್ಚಿನ ಬೋಧಕರು. ಬೆಳೆದದ್ದು ಷಿಕಾಗೋದಲ್ಲಿ. ಮೊದಲು ಪಿಯಾನೋಕ್ಕೇ ಹೆಸರಾದವನು, ಹಾಡು ಆಮೇಲೆ. 1946ರಲ್ಲಿ ಅವನ ಮೂವರ ತಂಡಕ್ಕೆ ರೇಡಿಯೋದಲ್ಲಿ ತಮ್ಮದೇ ಕಾರ್ಯಕ್ರಮ ಸಿಕ್ಕಿತು, ತಲೆಗೆ ಹಚ್ಚುವ ಕ್ರೀಮಿನ ಕಂಪನಿಯೊಂದು ಹಣ ಹಾಕಿತು. ರೇಡಿಯೋದಲ್ಲಿ ದನಿ ಮಾತ್ರ ಕೇಳುತ್ತದಲ್ಲ, ಮುಖ ಯಾರಿಗೆ ಕಾಣಬೇಕು! ಹತ್ತು ವರ್ಷದ ಮೇಲೆ ಎನ್‌ಬಿಸಿಯವರು ಟಿವಿಗೆ ಕರೆದರು. ಅಷ್ಟರಲ್ಲಿ ಅವನ ‘ಮೋನಾ ಲೀಸಾ’ ಹಾಡು ಕೇಳದ ಮನೆ ಅಮೆರಿಕದಲ್ಲಿ ಇರಲಿಲ್ಲ ಎನ್ನಬಹುದು. ಷೋ ಶುರುವಾದದ್ದು 1956ರ ನವೆಂಬರ್ 5, ಸೋಮವಾರ ಸಂಜೆ, 15 ನಿಮಿಷ. ಮುಂದಿನ ಜುಲೈಯಲ್ಲಿ ಅರ್ಧ ಗಂಟೆ ಮಾಡಿದರು. 1957ರ ಡಿಸೆಂಬರ್ 17ಕ್ಕೆ ಮುಗಿಯಿತು. ಒಂದು ವರ್ಷ, ಒಂದೂವರೆ ತಿಂಗಳು.

ಮುಗಿದದ್ದು ಜನ ನೋಡದೆ ಅಲ್ಲ. ಆಗಿನ ಅಮೆರಿಕದ ಟಿವಿ ವ್ಯವಹಾರವೇ ಹಾಗಿತ್ತು. ಒಂದು ಷೋವನ್ನು ಒಂದು ಕಂಪನಿ, ಸೋಪಿನದೋ ಸಿಗರೇಟಿನದೋ, ಹೆಗಲ ಮೇಲೆ ಹೊತ್ತು ನಡೆಸಬೇಕು. ಷೋಗೂ ಆ ಸೋಪಿಗೂ ಜನರ ಮನಸ್ಸಿನಲ್ಲಿ ಗಂಟು ಬೀಳುತ್ತಿತ್ತು. ಕರಿಯ ಯಜಮಾನನ ಷೋಗೆ ನಮ್ಮ ಹೆಸರು ಅಂಟಿದರೆ ದಕ್ಷಿಣದ ಬಿಳಿಯರು ನಮ್ಮ ಮಾಲು ಮುಟ್ಟುವುದಿಲ್ಲ ಅಂತ ಕಂಪನಿಗಳಿಗೆ ಭಯ. ನ್ಯೂಯಾರ್ಕಿನ ಒಂದು ಬಿಯರಿನವರು ತಮ್ಮ ಪ್ರದೇಶದ ಮಟ್ಟಿಗೆ ಬಂದರು, ಅಲ್ಲಿಲ್ಲಿ ಸಣ್ಣವರು ಬಂದರು. ಇಡೀ ದೇಶಕ್ಕೆ ಷೋವನ್ನು ಹೊರುವ ಪ್ರಾಯೋಜಕ ಕೊನೆವರೆಗೂ ಸಿಗಲಿಲ್ಲ. ಚಾನೆಲ್ಲಿನವರು ಕೈಯಿಂದ ಖರ್ಚು ಹಾಕಿ ನಡೆಸಿದರು. ಎಲ್ಲಾ ಫಿಟ್ಸ್‌ಜೆರಾಲ್ಡ್, ಹ್ಯಾರಿ ಬೆಲಫಾಂಟೆ, ಪೆಗ್ಗಿ ಲೀ ಮುಂತಾದ ದೊಡ್ಡ ದೊಡ್ಡ ಹಾಡುಗಾರರು ಕನಿಷ್ಠ ಸಂಭಾವನೆಗೆ ಬಂದು ಹಾಡಿ ಹೋದರು. ಕೊನೆಗೆ ಇದ್ದ ಒಳ್ಳೆ ಹೊತ್ತು ಬಿಟ್ಟು ಬೇರೆ ಹೊತ್ತಿಗೆ ಹೋಗಿ ಎಂದಾಗ ಕೋಲ್ ಸಾಕು ಎಂದು ತಾನೇ ನಿಲ್ಲಿಸಿದ. ಜಾಹೀರಾತಿನವರಿಗೆ ಕತ್ತಲೆ ಅಂದರೆ ಹೆದರಿಕೆ ಅಂತ ಅವನು ಅಂದ ಮಾತು ಅಲ್ಲಿ ಗಾದೆಯ ಹಾಗೆ ಉಳಿದಿದೆ.

ಅತಿಥಿಯಾಗಿ ಬಂದು ಹಾಡಿ ಹೋಗುವುದಕ್ಕೆ ಯಾರ ತಕರಾರೂ ಇರಲಿಲ್ಲ, ಇದನ್ನು ಗಮನಿಸಬೇಕು. ಬಿಳಿಯರ ಷೋಗಳಲ್ಲಿ ಕೋಲ್ ಎಷ್ಟೋ ಸಲ ಹಾಡಿದ್ದ. ಹಾಗಂತ ಅತಿಥಿಗೂ ನೆಮ್ಮದಿ ಇತ್ತು ಅಂತಲ್ಲ, 1956ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಿಳಿ ಪ್ರೇಕ್ಷಕರಿಗಾಗಿ ಹಾಡುತ್ತಿದ್ದಾಗ ಕೆಲವರು ವೇದಿಕೆಗೆ ನುಗ್ಗಿ ಅವನನ್ನು ಕೆಡವಿದ್ದರು. ಆದರೆ ಮೇಜ್‌ಬಾನ್ ಆಗುವುದು ಇನ್ನೊಂದೇ ತರಹದ ಮಾತು. ಅವನು ವಾರವಾರವೂ ನಿಮ್ಮ ನಡುಮನೆಗೆ ಬಂದು ಕೂರುತ್ತಾನೆ, "ಬನ್ನಿ" ಅಂತ ಬೇರೆಯವರನ್ನು ಕರೆಯುವ ಅಧಿಕಾರ ಅವನದು, ಬಿಳಿ ಹೆಣ್ಣುಮಗಳು ಬಂದರೆ ಕೈ ಕೊಡುತ್ತಾನೆ. ಕೈಯ ವಿಷಯ ಎಷ್ಟು ದೊಡ್ಡದೆಂದರೆ, 1968ರಷ್ಟು ಈಚೆಗೂ ಪೆಟುಲಾ ಕ್ಲಾರ್ಕ್ ಎಂಬ ಗಾಯಕಿ ತನ್ನ ಟಿವಿ ಕಾರ್ಯಕ್ರಮದಲ್ಲಿ ಬೆಲಫಾಂಟೆಯ ತೋಳು ಮುಟ್ಟಿದ್ದಕ್ಕೆ ಪ್ರಾಯೋಜಕ ಕಾರು ಕಂಪನಿಯ ಮನುಷ್ಯ ರಂಪ ಮಾಡಿದ್ದ. ಇನ್ನು ನಿಜವಾದ ಮನೆಯ ಕತೆ ಕೇಳಿ. 1948ರಲ್ಲಿ ಕೋಲ್ ಲಾಸ್ ಏಂಜಲೀಸಿನ ಹ್ಯಾಂಕಾಕ್ ಪಾರ್ಕ್ ಎಂಬ ಶ್ರೀಮಂತರ ಬಡಾವಣೆಯಲ್ಲಿ ಮನೆ ಕೊಂಡ. ನಮ್ಮ ನಡುವೆ ಬೇಡದ ಜನ ಬೇಡ ಎಂದು ನೆರೆಯವರು ಹೇಳಿದರು. ನನಗೂ ಬೇಡ, ಅಂಥವರು ಕಂಡರೆ ಮೊದಲು ದೂರು ಕೊಡುವವನು ನಾನೇ ಎಂಬರ್ಥದಲ್ಲಿ ಇವನು ಉತ್ತರ ಕೊಟ್ಟನಂತೆ. ಮನೆ ಬಿಡಲಿಲ್ಲ.

ಅವನಿಗಿಂತ ಮೊದಲು, 1950ರಲ್ಲಿ, ಹೇಜಲ್ ಸ್ಕಾಟ್ ಎಂಬ ಪಿಯಾನೋ ಕಲಾವಿದೆಗೆ ಡ್ಯೂಮಾಂಟ್ ಎಂಬ ಚಾನೆಲ್ಲಿನಲ್ಲಿ ಸ್ವಂತ ಷೋ ಇತ್ತು. ಕಮ್ಯುನಿಸ್ಟರನ್ನು ಹುಡುಕುವ ಸಮಿತಿಯ ಮುಂದೆ ನಿಂತು ಅವಳು ಧೈರ್ಯವಾಗಿ ಮಾತಾಡಿದ ಕೆಲವೇ ದಿನಗಳಲ್ಲಿ ಅದು ನಿಂತಿತು. ಮುಂದೆ 1970ರಲ್ಲಿ ಬಂದ ಫ್ಲಿಪ್ ವಿಲ್ಸನ್ ಮಾತ್ರ ಗೆದ್ದ. ನಾಲ್ಕು ವರ್ಷ ನಡೆದ ಅವನ ಷೋ ಮೊದಲ ಎರಡು ವರ್ಷ ಇಡೀ ದೇಶದಲ್ಲಿ ಎರಡನೆಯ ಸ್ಥಾನದಲ್ಲಿತ್ತು.

ಇದನ್ನೆಲ್ಲ ಓದುವಾಗ ನನಗೆ ನೆನಪಾದದ್ದು ನಮ್ಮ ಶಾಲೆಯ ಗ್ಯಾದರಿಂಗು. ಉತ್ತರ ಕನ್ನಡದವರಿಗೆ ಗ್ಯಾದರಿಂಗ್ ಅಂದರೆ ಸಾಕು, ವಿವರಿಸಬೇಕಿಲ್ಲ. ನನ್ನ ತರಗತಿಯಲ್ಲಿ ಒಬ್ಬಳು ಸಿದ್ದಿ ಹುಡುಗಿ ಇದ್ದಳು. ಅವಳ ಮಾತು ಕೇಳಬೇಕಿತ್ತು ನೀವು. ಮಾಸ್ತರರ ನಡಿಗೆ, ಬಸ್ಸಿನ ಕಂಡಕ್ಟರನ ಕೂಗು, ಯಕ್ಷಗಾನದ ಭಾಗವತರ ಕೆಮ್ಮು, ಎಲ್ಲ ಬಾಯಲ್ಲೇ ಮಾಡಿ ತೋರಿಸುವಳು. ಪ್ರತಿ ವರ್ಷ ಗ್ಯಾದರಿಂಗಿನಲ್ಲಿ ಅವಳಿಗೆ ಸಿದ್ದಿ ನೃತ್ಯ. ಮೈಕಿನ ಮುಂದೆ ನಿಂತು ‘ಈಗ ನಿಮ್ಮ ಮುಂದೆ’ ಎನ್ನುವ ಕೆಲಸ ನನಗೆ, ಅಥವಾ ಇನ್ನೊಬ್ಬ ಹೆಗಡೆಯವರ ಮಗಳಿಗೆ. ಹೀಗೇ ಎಂದು ಯಾರೂ ಬಾಯಿ ಬಿಟ್ಟು ಹೇಳಿದ್ದಲ್ಲ, ಯಾರೂ ಕೇಳಿದ್ದೂ ಇಲ್ಲ. ಮಳೆಗಾಲಕ್ಕೆ ಮಳೆ ಬಂದ ಹಾಗೆ ಅದು. 1987ರಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರದವರು ನಮ್ಮ ಕಡೆ ಬಂದು ಸಿದ್ದಿ ಮಕ್ಕಳನ್ನು ಆರಿಸಿ ಓಟದ ತರಬೇತಿಗೆ ಕರೆದೊಯ್ದಿದ್ದರು. ಆಫ್ರಿಕಾದ ಮೈಕಟ್ಟು, ಓಡುತ್ತಾರೆ ಎಂಬ ಲೆಕ್ಕ. ಕೆಲವರು ಪದಕವನ್ನೂ ತಂದರು, ಆರೇಳು ವರ್ಷದಲ್ಲಿ ಆ ಯೋಜನೆಯೂ ನಿಂತಿತು. ಓಡಲಿಕ್ಕೆ ಕರೆದರು, ಕುಣಿಯಲಿಕ್ಕೆ ಕರೆದರು. ಮಾತಾಡಲಿಕ್ಕೆ?

ಆಮೇಲೆ ಕಾಲ ಒಂದಿಷ್ಟು ಸರಿದಿದೆ, ಇಲ್ಲ ಅನ್ನಬಾರದು. 2003ರಲ್ಲಿ, ನಾವು ಊರು ಬಿಟ್ಟ ವರ್ಷವೇ, ನಮ್ಮ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹೆಗ್ಗೋಡಿನ ನೀನಾಸಂ ಕೆಲವರಿಗೆ ರಂಗದ ಮೇಲೆ ಮಾತು ಕೊಟ್ಟಿತು. ಗಿರಿಜಾ ಸಿದ್ದಿ ಹಾಡುತ್ತಾರೆ, ನಟಿಸುತ್ತಾರೆ. ಪ್ರಶಾಂತ್ ಸಿದ್ದಿ 2011ರ ‘ಪರಮಾತ್ಮ’ ಸಿನಿಮಾದಲ್ಲಿ ಬಂದಾಗ ಅಮ್ಮ ಫೋನು ಮಾಡಿ, "ನಮ್ಮೂರ ಬದಿ ಮಾಣಿ ಸಿನಿಮಾಲ್ಲಿ ಬಂಜ!" ಅಂತ ಹೇಳಿದ್ದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಅಲ್ಲಿ ಮೈಕು ಇದೆ, ಮಾತಾಡಲಿಕ್ಕೇ ಇರುವ ಮೈಕು.

ಟಿವಿಯ ಮೇಜ್‌ಬಾನ್ ಅಂದರೆ ನಮ್ಮಂಥ ಹೊರನಾಡಿನವರಿಗೆ ಎಷ್ಟು ಹತ್ತಿರದವನು ಎನ್ನುವುದು ಊರಲ್ಲೇ ಇರುವ ನಿಮಗೆ ಅಷ್ಟಾಗಿ ತಿಳಿಯಲಿಕ್ಕಿಲ್ಲ. ನಾವು ಇಲ್ಲಿಗೆ ಬಂದ ಹೊಸತರಲ್ಲಿ ಕನ್ನಡ ಕೇಳುತ್ತಿದ್ದದ್ದು ಈಟಿವಿ ಕನ್ನಡದಲ್ಲಿ. 2000ದ ಡಿಸೆಂಬರಿನಲ್ಲಿ ಶುರುವಾದ ಚಾನೆಲ್ಲು, ಅದರ ಮೂಲ ಸಂಸ್ಥೆ ಇದೇ ಊರಿನದು, ರಾಮೋಜಿಯವರದು. 2015ರಲ್ಲಿ ಅದು ಕಲರ್ಸ್ ಕನ್ನಡವಾಯಿತು. ಅದರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ‘ಎದೆ ತುಂಬಿ ಹಾಡುವೆನು’ ನಡೆಸುತ್ತಿದ್ದರಲ್ಲ, ತೆಲುಗು ಮನೆಮಾತಿನವರು ಕನ್ನಡದ ಮಕ್ಕಳನ್ನು ಕರೆದು, ತಪ್ಪಿದರೆ ನೋವಾಗದ ಹಾಗೆ ತಿದ್ದಿ, ಹೆಗಲು ತಟ್ಟಿ ಕಳಿಸುತ್ತಿದ್ದರು. ಅದು ಆತಿಥ್ಯ. ಹೈದರಾಬಾದಿನ ಬಾಡಿಗೆ ಮನೆಯಲ್ಲಿ ಕೂತ ನನಗೆ ಅವರು ನನ್ನನ್ನೂ ಒಳಗೆ ಕರೆದ ಹಾಗೆ ಆಗುತ್ತಿತ್ತು. ಇಲ್ಲಿ ತೆಲುಗಿನಲ್ಲೂ ಒಂದು ಸಂಗತಿ ನಡೆಯಿತು. ತೆಲಂಗಾಣದ ಹಳ್ಳಿ ಮಾತನ್ನು ಸಿನಿಮಾದಲ್ಲಿ ನಗಿಸುವ ಪಾತ್ರಕ್ಕೋ ರೌಡಿಗೋ ಇಟ್ಟಿದ್ದ ಕಾಲವಿತ್ತು. ವಿ6 ಚಾನೆಲ್ಲಿನ ‘ತೀನ್ಮಾರ್ ವಾರ್ತಲು’ ಬಂದು ಆ ಮಾತಿನಲ್ಲೇ ಸುದ್ದಿ ಹೇಳಿತು. ನಮ್ಮ ಬೀದಿಯ ತರಕಾರಿಯಾಕೆ ರಾತ್ರಿ ಗಾಡಿ ಬೇಗ ಮುಚ್ಚಿ ಓಡುತ್ತಿದ್ದದ್ದು ಅದಕ್ಕೇ. ಹೆಸರು ಮಾತ್ರ ನೋಡಿ, ತೀನ್ಮಾರ್. ಮರ್ಫಾದ ಗತ್ತು ಟಿವಿಗೆ ಬಂತು.

ಚಾಚಾನ ಮೊಮ್ಮಗಳು ಆಗ ಬಿ.ಕಾಂ. ಎರಡನೆಯ ವರ್ಷ. ಅವಳಿಗೆ ಆ್ಯಂಕರಿಂಗ್ ಮಾಡುವ ಹುಚ್ಚು. ಈ ಊರಿನಲ್ಲಿ ಅದೊಂದು ಕಸುಬೇ ಆಗಿದೆ, ಮದುವೆಯ ಸಂಗೀತ್, ಕಂಪನಿಗಳ ವಾರ್ಷಿಕೋತ್ಸವ, ಅಂಗಡಿ ಉದ್ಘಾಟನೆ, ಎಲ್ಲಕ್ಕೂ ಮೈಕು ಹಿಡಿಯುವವರು ಬೇಕು. ಉರ್ದು, ತೆಲುಗು, ಇಂಗ್ಲಿಷ್ ಮೂರೂ ಅವಳ ನಾಲಗೆ ತುದಿಯಲ್ಲಿ. ಒಂದು ಕಾರ್ಯಕ್ರಮ ನಡೆಸುವ ಕಂಪನಿಗೆ ಹೋಗಿ ಮಾತಾಡಿ ತೋರಿಸಿದಳು. ಬಹಳ ಚೆನ್ನಾಗಿದೆ ಎಂದರಂತೆ. ವಾರ ಬಿಟ್ಟು ಫೋನು ಬಂತು. ಒಂದು ರೆಸಾರ್ಟಿನಲ್ಲಿ ‘ಆಫ್ರಿಕನ್ ನೈಟ್’ ಇದೆ, ನಿಮ್ಮ ಬೀದಿಯ ಮರ್ಫಾದವರನ್ನು ಕರೆದುಕೊಂಡು ಬಾ, ನೀನೂ ಅವರ ಜತೆ ಕುಣಿ, ಉಡುಪು ನಾವು ಕೊಡುತ್ತೇವೆ. ಮೈಕಿಗೆ? ಮೈಕಿಗೆ ಬೇರೆ ಹುಡುಗಿ ಇದ್ದಾಳೆ.

ಅವತ್ತು ರಾತ್ರಿ ಮೇಲೆ ಬಂದು ನಮ್ಮ ಅಡುಗೆ ಮನೆಯ ಕಟ್ಟೆಯ ಮೇಲೆ ಕೂತಳು. ಹಣ ಕಡಿಮೆ ಇರಲಿಲ್ಲ. ಎರಡು ತಿಂಗಳ ಕಾಲೇಜು ಖರ್ಚು ಕಳೆಯುವಷ್ಟು. ಚಾಚಾ ಹೋಗು ಅಂದಿದ್ದರು, ಕುಣಿಯುವುದು ನಮ್ಮ ವಿದ್ಯೆ, ಅದಕ್ಕೇನು ನಾಚಿಕೆ ಅಂತ. ಅವರ ಮಾತಿನಲ್ಲೂ ಹುರುಳಿದೆ, ಮರ್ಫಾ ಬಾರಿಸಿಯೇ ಅವರು ಮನೆ ನಡೆಸಿದ್ದು. "ಆಂಟಿ, ಕುಣಿಯೋದಕ್ಕೆ ನನಗೆ ನಾಚಿಕೆ ಇಲ್ಲ, ನಮ್ಮ ಮದುವೇಲಿ ನಾನೇ ಮೊದಲು ಕುಣಿಯೋಳು. ಆದ್ರೆ ಅವರು ನನ್ನ ಮಾತು ಕೇಳಿ ಕರೆದದ್ದಲ್ಲ" ಅಂದಳು. ನಾನು ಕೋಲ್ ತಾನಾಗಿ ಷೋ ಬಿಟ್ಟದ್ದನ್ನು ಹೇಳಿದೆ. ಅವಳು ತಕ್ಷಣ ಕೇಳಿದ್ದು, "ಬಿಟ್ಟ, ಸರಿ. ಆಮೇಲೆ ಹೊಟ್ಟೆಗೆ?" ಬಹಳ ಒಳ್ಳೆಯ ಪ್ರಶ್ನೆ. ಕೋಲ್‌ಗೆ ಹಾಡಿತ್ತು, ರೆಕಾರ್ಡುಗಳಿದ್ದವು, ದುಡ್ಡಿತ್ತು. ಏಳು ವರ್ಷ ಹಾಡಿ 1965ರಲ್ಲಿ, 45ನೆಯ ವಯಸ್ಸಿಗೆ, ಶ್ವಾಸಕೋಶದ ಕ್ಯಾನ್ಸರಿಗೆ ಹೋದ. ಇವಳ ಕೈಯಲ್ಲಿ ಬಸ್ ಪಾಸು ಬಿಟ್ಟರೆ ಏನಿತ್ತು? ನಾನು ಹೋಗು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಚಹಾ ಮಾಡಿ ಕೊಟ್ಟೆ.

ಅವಳು ಹೋಗಲಿಲ್ಲ. ಆ ಕಂಪನಿಯಿಂದ ಮತ್ತೆ ಫೋನೂ ಬರಲಿಲ್ಲ. ಒಂದು ಟ್ಯೂಷನ್ ಸೆಂಟರಿನಲ್ಲಿ ಲೆಕ್ಕ ಹೇಳಿಕೊಡಲು ಸೇರಿದಳು. ಮೈಕಿನ ಹುಚ್ಚನ್ನು ಬೀದಿಯಲ್ಲೇ ತೀರಿಸಿಕೊಂಡಳು, ಯಾರದೋ ಮಗುವಿನ ಅಖೀಖಾ, ಬಾಲವಾಡಿಯ ವಾರ್ಷಿಕೋತ್ಸವ, ಹೀಗೆ. ಕೆಲವರು ಐನೂರು ಕೊಟ್ಟರು, ಕೆಲವರು ಬಿರಿಯಾನಿ ಕೊಟ್ಟರು.

2019ರಲ್ಲಿ ರಂಜಾನ್ ಮುಗಿದ ಮೇಲೆ ಬೀದಿಯವರೆಲ್ಲ ಸೇರಿ ಈದ್ ಮಿಲಾಪ್ ಮಾಡಿದರು. ಅವಳೇ ನಿರೂಪಕಿ. ಹಿಂದಿನ ದಿನ ಚೀಟಿ ಹಿಡಿದು ಮೇಲೆ ಬಂದಳು. ಬೀದಿಯ ಕೊನೆಗೆ ಬೀದರಿನ ನಾಲ್ಕು ಮನೆಯವರು ಇದ್ದಾರೆ, ನೀವೂ ಬರುತ್ತೀರಿ, ಕನ್ನಡದಲ್ಲೂ ಒಂದು ಮಾತು ಹೇಳಬೇಕು, ಬರೆದುಕೊಡಿ ಅಂದಳು. ನಾನು ಹೇಳಿದೆ, ಅವಳು ಉರ್ದು ಅಕ್ಷರದಲ್ಲಿ ಬರೆದುಕೊಂಡಳು: "ಎಲ್ಲರೂ ಬಂದಿದ್ದು ಭಾಳ ಸಂತೋಷ. ಊಟ ಮಾಡಿಕೊಂಡೇ ಹೋಗಬೇಕು, ಹಾಗೇ ಹೋದರೆ ನಮಗೆ ಬೇಜಾರು." ‘ಭಾಳ’ದ ಳಕಾರ ಅವಳಿಗೆ ಹೊರಳಲಿಲ್ಲ. ಮೆಟ್ಟಿಲಿಳಿಯುವಾಗಲೂ ಅದನ್ನೇ ಹೇಳಿಕೊಳ್ಳುತ್ತ ಹೋದಳು.

ಮರುದಿನ ಹಸಿರು ದುಪಟ್ಟಾ ಹೊದ್ದು ಮೈಕಿನ ಮುಂದೆ ನಿಂತು ಮೂರು ಭಾಷೆ ಮುಗಿಸಿ ನಾಲ್ಕನೆಯದಾಗಿ ಅದನ್ನು ಹೇಳಿದಳು. ಬೀದರಿನ ಹೆಂಗಸರು ಒಂದು ಕ್ಷಣ ಮುಖ ಮುಖ ನೋಡಿಕೊಂಡು ಜೋರಾಗಿ ನಕ್ಕು ಚಪ್ಪಾಳೆ ಹೊಡೆದರು. ಅವರಲ್ಲೊಬ್ಬ ಮುದುಕಿ ಕೂತಲ್ಲಿಂದಲೇ, "ಉಂಡೇ ಹೋಗ್ತೀವಿ ತಗೋ ಯವ್ವಾ" ಅಂತ ಕೂಗಿದಳು. ನನ್ನ ಪಕ್ಕ ಕೂತಿದ್ದ ಚಾಚಾ ಬಗ್ಗಿ, "ಕ್ಯಾ ಬೋಲಿ ಬೇಟಿ?" ಅಂತ ಕೇಳಿದರು. ಹೇಳುವಷ್ಟರಲ್ಲಿ ಮರ್ಫಾ ಶುರುವಾಯಿತು.